ಮೂವತ್ತೊಂದನೆಯ ಪುಟ

ಬೆಳಗಿನಿಂದ ಬೀಸುತ್ತಿದ್ದ ಒಣಗಾಳಿ ಹೊದಿಕೆಯನ್ನು ಎತ್ತೆತ್ತಿ ಹಾಕುತ್ತಿತ್ತು. ಮಗಳು ತಾಯಿಯ ಹೆಣಕ್ಕೆ ಹೊದಿಸಿದ ಬಟ್ಟೆಯ ನಾಲ್ಕು ಮೂಲೆಗೂ ಇಟ್ಟಿಗೆ ಚೂರು ಹೇರುತ್ತಿದ್ದಾಗ ಸ್ಮಶಾನದ ಗುಮಾಸ್ತ ಕಿಟಕಿಯಿಂದ ತಲೆ ಹೊರಹಾಕಿದ.

"ಗುರುತಿನ ಚೀಟಿ ಇಲ್ದೆ ಗುಂಡಿ ಕೊಡೋಕಾಗಲ್ಲಮ್ಮ. ಹನ್ನೆರಡಕ್ಕೆ ಬಾಗಿಲು ಹಾಕ್ತೀನಿ. ಆಮೇಲೆ ಅನಾಥ ಹೆಣಗಳ ಜೊತೆ ಕಳಿಸ್ಬೇಕಾಗುತ್ತೆ."

"ಮಗಳು ನಾನಿಲ್ವಾ?"

"ಬಾಯಲ್ಲಿ ಹೇಳೋದಾದ್ರೆ ನಾನೂ ರಾಜನ ಮಗ."

ಭೂಮಿತಾಯಿ ಯಾರ ಹೆಸರನ್ನೂ ಕೇಳುವವಳಲ್ಲ. ಕೇಳುವವನು ಗುಮಾಸ್ತ.

ಚೀಟಿಯನ್ನು ಯಜಮಾನಿ ಇಸಿದುಕೊಂಡು ಇಪ್ಪತ್ತಾರು ವರ್ಷವಾಗಿತ್ತು. ತಾಯಿ ಅವರ ಮನೆಯ ಅಡುಗೆಗೆ ಸೇರಿದ ದಿನವೇ, 'ಭದ್ರವಾಗಿರಲಿ' ಎಂದು. ಚೀಟಿ ಇಲ್ಲದವಳಿಗೆ ಬೇರೆ ಮನೆಯವರು ಕೆಲಸ ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ತಾಯಿ ಕೇಳುವಳು. "ಎಲ್ಲಿಗೆ ಹೋಗ್ಬೇಕು ನೀನು?" ಎಂಬುದೇ ಉತ್ತರ.

ಈಗ ಯಜಮಾನಿ ಮರದ ನೆರಳಲ್ಲಿ ನಿಂತು ಕೈಚೆಲ್ಲಿದರು. "ಕಪಾಟೆಲ್ಲಾ ಹುಡುಕಿದೆ ಕಣೇ. ಎಲ್ಲಿಟ್ಟೆನೋ, ನೆನಪೇ ಇಲ್ಲ. ಮನೆಯವಳ ಥರಾ ಇದ್ಲು, ಪಾಪ."

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ," ಎಂದ ಸೋದರಮಾವ. ಗಾರೆ ಕೆಲಸದವನು; ಬಾಯಿಗೆ ಬೀಗವಿಲ್ಲ.

*

ಹನ್ನೆರಡು ವರ್ಷದ ಹಿಂದೆ, ಒಂದು ಗುರುವಾರ. ಯಜಮಾನಿಯ ಮನೆಯ ಹಾಲ್‌ನಲ್ಲಿ ಆರು ಹೆಂಗಸರು ಕಾದಂಬರಿಯೊಂದನ್ನು ಚರ್ಚಿಸುತ್ತಿದ್ದರು. ಗುಲಾಮ ಹೆಂಗಸೊಬ್ಬಳ ಕತೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆ ದಾಟಿ, ತನ್ನನ್ನು ಯಾರೂ ಕೊಂಡುಕೊಳ್ಳದ ಊರನ್ನು ಹುಡುಕುತ್ತ ಹೊರಟವಳು.

"ಅಷ್ಟು ವರ್ಷ ಯಾಕೆ ಸುಮ್ನಿದ್ಲು? ಮೊದ್ಲೇ ಓಡ್ಬಹುದಿತ್ತಲ್ವಾ?" ಯಜಮಾನಿ ಕಣ್ಣೊರೆಸಿಕೊಂಡರು.

"ಅಭ್ಯಾಸ ಆಗ್ಬಿಡುತ್ತೆ ರೀ," ಎಂದರು ಅವರಲ್ಲೊಬ್ಬರು, ಶಾಲೆಯ ಟೀಚರ್.

ಮಗಳು ಅಡುಗೆಮನೆಯ ಬಾಗಿಲಲ್ಲಿದ್ದಳು. ತಾಯಿ ಚಹದ ತಟ್ಟೆ ಇಳಿಸುತ್ತ ಮೆಲ್ಲಗೆ ಕೇಳಿದಳು:

"ಹೊಳೆ ಆಚೆ ಅವಳ ಕಾಗದ ಯಾರೂ ಕೇಳ್ಲಿಲ್ವಾ, ಅಮ್ಮಾವ್ರೇ?"

ಹಾಲ್ ಗೊಳ್ಳೆಂದಿತು. "ನಮ್ಮ ಅಡುಗೆಯವಳೂ ವಿಮರ್ಶಕಿ ಆದ್ಲಪ್ಪ!" ಎಂದರು ಯಜಮಾನಿ. ಸಕ್ಕರೆ ಕಡಿಮೆಯಾಗಿದೆ ಎಂದೂ ಅಂದರು.

ಹೊರಡುವಾಗ ಟೀಚರ್ ಯಜಮಾನಿಯ ಪುಸ್ತಕವನ್ನು ಎರವಲು ಒಯ್ದರು.

*

ಹನ್ನೆರಡಕ್ಕೆ ಐದು ನಿಮಿಷವಿತ್ತು. ಗುಮಾಸ್ತ ಬೀಗ ಹುಡುಕತೊಡಗಿದ. ಅಷ್ಟರಲ್ಲಿ ಆಟೋ ಬಂತು. ಟೀಚರ್ ಏದುಸಿರು ಬಿಡುತ್ತ ಇಳಿದರು.

"ಚೀಟಿ ಕಳೆದಿದೆ ಅಂತ ಈಗ ಯಾರೋ ಫೋನಲ್ಲಿ ಹೇಳಿದ್ರು, ಓಡಿ ಬಂದೆ. ಅವತ್ತು ನಾನು ಒಯ್ದ ನಿಮ್ಮ ಪುಸ್ತಕದೊಳಗೇ ಇದೆಯಲ್ಲ! ಎಲ್ಲಿವರೆಗೆ ಓದಿದ್ರಿ ಅನ್ನೋ ಗುರುತಿಗೆ ಇಟ್ಟಿದ್ರಿ, ಮೂವತ್ತೊಂದನೇ ಪುಟಕ್ಕೆ."

"ಅವತ್ತೇ ನೋಡಿದ್ರಾ?" ಎಂದಳು ಮಗಳು.

"ನೋಡಿದ್ದೆ ಮಗಾ. ಬೇಡದ್ದೇನೋ ಅಂದ್ಕೊಂಡೆ."

"ಪೂರ್ತಿ ಓದಿದೋರ ಥರಾ ಅವತ್ತು ಅತ್ರಂತಲ್ಲ, ಅಮ್ಮಾವ್ರೇ!" ಎಂದ ಸೋದರಮಾವ.

ಟೀಚರ್ ಪುಸ್ತಕವನ್ನು ಅದರ ಒಡತಿಗೆ ಒಪ್ಪಿಸಿದರು. ಯಜಮಾನಿ ತೆರೆದು, ಚೀಟಿಯನ್ನು ಎರಡು ಬೆರಳಲ್ಲಿ ಹಿರಿದು ಮಗಳತ್ತ ಚಾಚಿದರು. ಮಗಳು ಕಿಟಕಿಯತ್ತ ಓಡಿದಳು.

ಗಾಳಿ ಹಾಳೆಗಳನ್ನು ಪಟಪಟ ಮಗುಚುತ್ತಿತ್ತು. ಚೀಟಿ ಇದ್ದ ಜಾಗಕ್ಕೆ ತೋರುಬೆರಳು ತೂರಿಸಿಕೊಂಡು, ಪುಟ ತಪ್ಪಿಹೋಗದಂತೆ, ಯಜಮಾನಿ ನಿಂತೇ ಇದ್ದರು.