ಅಳೆದ ಮೇಲಿನ ಕೊಸರು

ಕುಮಾಸಿ ನಗರದ ದೊಡ್ಡ ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವ ಅಫ್ರಾಗೆ ಒಂದೇ ಕನಸು: ಸ್ವಂತದ್ದೊಂದು ಓವರ್‌ಲಾಕ್ ಮೆಷಿನ್. ಅದಿಲ್ಲದ್ದರಿಂದ ಹೊಲಿದ ಬಟ್ಟೆಗೆ ಅಂಚು ಹೊಡೆಸಲು ಎದುರಂಗಡಿಗೇ ಹೋಗಬೇಕಿತ್ತು. ಆ ಅಂಗಡಿಯ ಮಹಾತಾಯಿ ಅಂಚು ಹೊಡೆಯುತ್ತಲೇ ಗಿರಾಕಿ ಯಾರು, ಎಲ್ಲಿಯವರು ಎಂದೆಲ್ಲ ನಯವಾಗಿ ಬಾಯಿಬಿಡಿಸುತ್ತಿದ್ದಳು. ಸಾವಿನ ಮನೆಯವರು ಮನೆಮಂದಿಗೆಲ್ಲ ಹೊಲಿಸುವ ಕಪ್ಪು ಕೆಂಪು ಬಟ್ಟೆಯ ನಾಲ್ಕು ಒಳ್ಳೆಯ ಕೆಲಸಗಳು ಈ ವರ್ಷ ಹಾಗೇ ಕೈತಪ್ಪಿ ಅವಳ ಪಾಲಾಗಿದ್ದವು.

ಎರಡು ವರ್ಷ ಹೊಟ್ಟೆಬಟ್ಟೆ ಕಟ್ಟಿ ಅಫ್ರಾ ಹಣ ಕೂಡಿಟ್ಟಳು. ಊರಿನ ಬೆಲೆ ಕೈಗೆಟುಕದೆ, ಚೀನಾದ ಸರಕು ಮಾರುವ ಆ್ಯಪ್‌ನಲ್ಲಿ ಹುಡುಕಿದಳು. ಒಬ್ಬ ಸಿಕ್ಕಿದ. ‘ತಂಗಿ, ಆ್ಯಪ್‌ನವರಿಗೆ ಕಮಿಷನ್ ಯಾಕೆ ಕೊಡಬೇಕು? ನೇರವಾಗಿ ನನ್ನ ಖಾತೆಗೇ ಹಾಕು, ಬೆಲೆಯಲ್ಲಿ ಐದರಲ್ಲೊಂದು ಪಾಲು ಬಿಡ್ತೀನಿ’ ಎಂದು ಬರೆದ. ಕೊಸರು ಕೇಳದೆ ಕೊಂಡು ಅಫ್ರಾಗೆ ಅಭ್ಯಾಸವಿಲ್ಲ. ಒಂದು ಕಟ್ಟು ಸೂಜಿ ಕೇಳಿದಳು, ಹತ್ತು ಕಟ್ಟು ಕೊಡುವೆನೆಂದ. ದಾರ ಕೇಳಿದಳು, ಪೆಟ್ಟಿಗೆ ತುಂಬ ಎಂದ. ಅಫ್ರಾ ಕುಣಿಯುವುದೊಂದು ಬಾಕಿ.

ಅವಳ ಚಿಕ್ಕಮ್ಮ ಸೆರ್ವಾ ಮಾರುಕಟ್ಟೆಯಲ್ಲಿ ಮರಗೆಣಸಿನ ರವೆ ಮಾರುವವಳು. ಅಫ್ರಾ ಓಡಿಬಂದಾಗ ಒಬ್ಬಳಿಗೆ ಡಬ್ಬಿಯಲ್ಲಿ ಅಳೆದು ಸುರಿಯುತ್ತಿದ್ದಳು.

“ಮೇಲೊಂದು ಹಿಡಿ ಹಾಕಮ್ಮ,” ಎಂದಳು ಗಿರಾಕಿ.

“ನಾನೇನು ಮಣ್ಣು ತಿನ್ಲಾ?” ಎಂದು ಗೊಣಗುತ್ತಲೇ ಸೆರ್ವಾ ಅರ್ಧ ಹಿಡಿ ಉದುರಿಸಿದಳು. ಆಮೇಲೆ ಅಫ್ರಾಳ ಮೊಬೈಲಿನಲ್ಲಿದ್ದುದನ್ನೆಲ್ಲ ಓದಿಸಿ ಕೇಳಿದಳು.

“ಇವನು ಒಂದ್ಸಲಾನೂ ಗೊಣಗ್ಲಿಲ್ವೇನೇ?”

“ಇಲ್ಲ ಚಿಕ್ಕಮ್ಮ, ತುಂಬ ಒಳ್ಳೇವ್ನು.”

“ಹಂಗಾದ್ರೆ ಇನ್ನೊಂದು ಮೆಷಿನ್ನೇ ಕೊಸರು ಕೇಳು, ನೋಡಾಣ.”

ಅಫ್ರಾ ನಗುತ್ತ ಬರೆದಳು. ಮುಂದಿನ ಡಬ್ಬಿ ತುಂಬುವಷ್ಟರಲ್ಲಿ ಉತ್ತರ ಬಂತು: ‘ಆಗಲಿ ತಂಗಿ, ಹಣ ಇವತ್ತೇ ಹಾಕು.’

ಅಫ್ರಾಳ ನಗು ಅಲ್ಲೇ ನಿಂತಿತು.

“ಸರಕಿದ್ದೋರಿಗೆ ಒಂದು ಹಿಡಿ ಹೋದ್ರೂ ಹೊಟ್ಟೆ ಉರಿಯುತ್ತೆ ಕಣೇ,” ಎಂದಳು ಸೆರ್ವಾ. “ಇವ್ನ ಹತ್ರ ಕೊಡೋಕೆ ಏನೂ ಇಲ್ಲ, ಅದಕ್ಕೇ ಎಲ್ಲಾ ಕೊಡ್ತಾನೆ. ಅಳೆಯೋಕೆ ಮುಂಚೆ ಯಾರಾದ್ರೂ ಕೊಸರು ಹಾಕ್ತಾರಾ?”

ಎರಡು ವರ್ಷದ ಹಣ ಒಂದು ಬೆರಳೊತ್ತಿಗೆ ಹೋಗಿಬಿಡುತ್ತಿತ್ತಲ್ಲ ಎಂದುಕೊಂಡು ಅಫ್ರಾ ಅವನ ಸಂದೇಶಗಳನ್ನೆಲ್ಲ ಅಳಿಸಿದಳು. ಕೈತಪ್ಪಿದ ರಿಯಾಯಿತಿಗೆ ಒಳಗೊಳಗೇ ಸಂಕಟವೂ ಆಯಿತು, ಸುಳ್ಳೇಕೆ?

ಎರಡು ಕಟ್ಟು ಸೂಜಿಗೆ ಮೂರು ದಿನ ಗೊಣಗಿದ ಬೇರೊಬ್ಬನನ್ನು ಹಿಡಿದಳು. ಹಣವನ್ನು ಆ್ಯಪ್‌ನಲ್ಲೇ ಕಟ್ಟಿದಳು. ‘ಸರಕು ತಲುಪಿತು, ಸರಿಯಾಗಿದೆ’ ಎಂದು ಅವಳು ಅಲ್ಲಿ ಒತ್ತುವತನಕ ಆ ಹಣ ಅವನ ಕೈ ಸೇರುವಂತಿರಲಿಲ್ಲ. ಉಳಿತಾಯಕ್ಕೆ ಬೇರೆ ದಾರಿ ಕಂಡುಕೊಂಡಳು: ವಿಮಾನದ ಗೊಡವೆ ಬಿಟ್ಟು, ಓಣಿಯಲ್ಲಿ ಜಡೆ ಹೆಣೆಯುವ ಇಬ್ಬರು ಚೀನಾದಿಂದ ತರಿಸುವ ಕೃತಕ ಕೂದಲಿನ ಪೆಟ್ಟಿಗೆಗಳ ಜೊತೆ ಹಡಗಿಗೆ ಹಾಕಿಸಿ ಸಾಗಣೆಯ ಖರ್ಚು ಹಂಚಿಕೊಂಡಳು. ಹಡಗು ನಿಧಾನವಾದಾಗ ಮರೆಯದೆ, ಹಣ ತಾನಾಗಿಯೇ ಮಾರುವವನಿಗೆ ಹೋಗಿಬಿಡುವ ಆ್ಯಪ್‌ನ ಗಡುವನ್ನು ಮುಂದಕ್ಕೆ ಹಾಕಿಸಿದಳು. ಆ ಎರಡು ತಿಂಗಳೂ ಅಂಚು ಹೊಡೆಸಲು ಎದುರಂಗಡಿಗೇ ಹೋದಳು.

ಮೆಷಿನ್ ಬಂತು. ಅಫ್ರಾ ಮೊದಲು ಕಪ್ಪು ಬಟ್ಟೆಯೊಂದಕ್ಕೆ ಅಂಚು ಹೊಡೆದು, ಎಳೆದೆಳೆದು ನೋಡಿದಳು. ದಾರ ಬಿಚ್ಚಲಿಲ್ಲ. ಆಮೇಲೆಯೇ ಆ್ಯಪ್‌ನ ಗುಂಡಿ ಒತ್ತಿದಳು. ಪೆಟ್ಟಿಗೆಯ ತಳದಲ್ಲಿ ಸೂಜಿ ಎರಡಲ್ಲ, ಮೂರು ಕಟ್ಟು ಇದ್ದವು.

“ಚಿಕ್ಕಮ್ಮ, ಇವನೂ ಕೇಳದೇ ಕೊಟ್ಟವ್ನೆ. ಕಳ್ಳನಾ?”

“ಅಳೆದ ಮೇಲೆ ಹಾಕವ್ನಲ್ಲೇ. ವ್ಯಾಪಾರಸ್ಥ!” ಎಂದ ಸೆರ್ವಾ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಹರಕಲು ಬಟ್ಟೆ ಬಿಚ್ಚಿಕೊಟ್ಟಳು. “ಇದಕ್ಕೆ ಅಂಚು ಹೊಡಿ. ಹಂಗೇ ಮೇಲೊಂದು ಜೇಬು ಹಾಕು.”

ಎದುರಂಗಡಿಗೂ ಕೇಳಿಸುವಂತೆ ಅಫ್ರಾ ದನಿ ಏರಿಸಿದಳು: “ನಾನೇನು ಮಣ್ಣು ತಿನ್ಲಾ?”

ಹಾಗೆ ಗೊಣಗುವ ಸುಖ ಅವಳಿಗೆ ಅದೇ ಮೊದಲು. ಜೇಬು ಎರಡು ಹಾಕಿದಳು.