ಮೂರನೆಯ ಸಲವೂ ಬೇಡ ಅನ್ನಿ

ಇವತ್ತೂ ನಾನು ನಿಜ ಹೇಳಲಿಲ್ಲವಲ್ಲ ಎಂದು ಮಾರೆನ್ ಒಳಗೊಳಗೇ ಕೊರಗಿದಳು.

ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಪುಟ್ಟ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಕೂತು ಕೌದಿ ಹೊಲಿಯುತ್ತಾರೆ. ಅವರ ಕಂಪ್ಯೂಟರ್ ಮೂರು ದಿನದಿಂದ ಕೆಟ್ಟಿತ್ತು. ಏನು ತೆರೆದರೂ ಮುಖಕ್ಕೆ ಜಾಹೀರಾತು. ಸೋಮವಾರ ಅದಕ್ಕೆ ಕೌದಿ ನಮೂನೆ ಬಿಡಿಸುವ ಹೊಸ ಪ್ರೋಗ್ರಾಂ ಹಾಕಿದವಳು ಮಾರೆನ್. ಆಮೇಲೆ ಮುಟ್ಟಿದವರು ಎಂಬತ್ತರ ಆರ್ಡಿಸ್. ಕಾಲೇಜು ಮುಗಿಸಿದ ಹುಡುಗಿಯ ಮೇಲೆ ಯಾರಿಗೆ ಅನುಮಾನ?

"ನಾನೇ ಏನೋ ಒತ್ತಿರ್ಬೇಕು," ಎಂದರು ಆರ್ಡಿಸ್. "ಇನ್ನು ಇದರ ಸಹವಾಸವೇ ಬೇಡ." ನಲವತ್ತು ವರ್ಷದ ಕೌದಿ ನಮೂನೆಗಳನ್ನೆಲ್ಲ ಅದರೊಳಗೆ ತುಂಬಿಸಿಟ್ಟವರು ಅವರೇ.

ಗ್ರಂಥಾಲಯದ ಲವಾನ್ ಬಂದು ನೋಡಿದರು. "ನಿಮ್ಮ ಪ್ರೋಗ್ರಾಂ ಬೆನ್ನಿಗೆ ಬೇರೊಂದು ಹತ್ಕೊಂಡು ಬಂದಿದೆ ಕಣ್ರೀ." ಕಂಪ್ಯೂಟರಿನ ಪ್ರೋಗ್ರಾಂಗಳ ಪಟ್ಟಿ ತೆರೆದು ಅದನ್ನು ಕಿತ್ತುಹಾಕಿದರು. ನಮೂನೆಗಳು ಇದ್ದ ಹಾಗೇ ಇದ್ದವು. "ಹೇಗೆ ಬಂತು ಅಂತ ತೋರಿಸ್ತೀನಿ," ಎಂದು ಪ್ರೋಗ್ರಾಮನ್ನು ಮತ್ತೆ ಹಾಕತೊಡಗಿದರು.

ನಡುವೆ ಒಂದು ಸಂದೇಶ ಎದ್ದಿತು: ‘ಶಿಫಾರಸು ಮಾಡಿದ ಸಹಾಯಕದೊಂದಿಗೆ ಮುಂದುವರಿಯಿರಿ.’ ಕೆಳಗೆ ದಪ್ಪ ಹಸಿರು ಗುಂಡಿ, ‘ಒಪ್ಪಿದೆ’. ಮೂಲೆಯಲ್ಲಿ ಮಾಸಲು ಅಕ್ಷರ, ‘ನಿರಾಕರಿಸು’.

"ನಿರಾಕರಿಸಿದ್ರೆ ನಮ್ಮದೂ ಬರಲ್ವಲ್ಲ?" ಆರ್ಡಿಸ್ ಕೇಳಿದರು.

"ಹಾಗೆ ಅನ್ನಿಸ್ಲಿ ಅಂತಾನೇ ಬರೆದಿರೋದು. ನೀವು ಬೇಡ ಅಂದದ್ದು ಈ ಬಾಲಂಗೋಚಿಗೆ ಮಾತ್ರ."

ಲವಾನ್ ನಿರಾಕರಿಸಿದರು. ‘ನಿಜವಾಗಿಯೂ ಬೇಡವೇ?’ ಮತ್ತೆ ನಿರಾಕರಿಸಿದರು. ‘ಇದು ಕೊನೆಯ ಅವಕಾಶ!’

"ಮೂರನೇ ಸಲ ಹೇಗಮ್ಮ ಬೇಡ ಅನ್ನೋದು!" ಆರ್ಡಿಸ್ ನಕ್ಕರು. ಆ ಊರಲ್ಲಿ ಯಾರ ಮನೆಗೆ ಹೋದರೂ ಕಾಫಿಯನ್ನು ಎರಡು ಸಲ ಬೇಡವೆಂದು ಮೂರನೆಯ ಸಲ ಲೋಟಕ್ಕೆ ಕೈಚಾಚುವುದೇ ಮರ್ಯಾದೆ.

"ಇದೇನು ನಿಮ್ಮ ಪಕ್ಕದ್ಮನೆಯವಳಾ, ಮುಖ ಊದಿಸ್ಕೊಳ್ಳೋಕೆ? ನೂರು ಸಲ ಕೇಳ್ಲಿ, ನೂರು ಸಲ ಬೇಡ ಅನ್ನಿ." ಲವಾನ್ ಮೂರನೆಯದನ್ನೂ ನಿರಾಕರಿಸಿದರು. ಕೌದಿ ಪ್ರೋಗ್ರಾಂ ಒಂದೇ ಒಂದು ಬಂದು ಕೂತಿತು.

ಆದರೂ ಆರ್ಡಿಸ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. "ನನ್ನಂಥ ಮುದುಕಿಗಲ್ಲ ಇದು. ಓದಿರೋ ಹುಡುಗೀರು ನೋಡ್ಕೊಳ್ಲಿ."

ಮಾರೆನ್ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಆರ್ಡಿಸ್, ಒತ್ತಿದ್ದು ನೀವಲ್ಲ, ನಾನು. ಎರಡು ಸಲ ಬೇಡ ಅಂದೆ. ಮೂರನೇ ಸಲ ಕೇಳಿದಾಗ ‘ಒಪ್ಪಿದೆ’ ಅಂದ್ಬಿಟ್ಟೆ. ಓದಿದೋಳಿಗೂ ಅರ್ಥ ಆಗ್ಲಿಲ್ಲ."

ಆರ್ಡಿಸ್ ಕುರ್ಚಿಯನ್ನು ಮೆಲ್ಲಗೆ ಮುಂದಕ್ಕೆಳೆದು ಮೌಸಿನ ಮೇಲೆ ಕೈಯಿಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪರದೆಯೂ ಒಂದು ದಿನ ಹೀಗೇ ಒತ್ತಾಯ ಮಾಡುತ್ತದೆ. ಗುಂಡಿ ಒತ್ತುವ ಮುಂಚೆ, ‘ಇದು ನಾನು ಕೇಳಿದ್ದೇನಾ?’ ಎಂದು ನೋಡಿ. ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ. ಒತ್ತಿಬಿಟ್ಟಿದ್ದರೆ ಬಾಯಿಬಿಟ್ಟು ಹೇಳಿ.