ಕರೆಂಟು ಹೋದರೆ ಕೂಗುವ ಹಕ್ಕಿ

ಹಿಂದೂಪುರದ ನಮ್ಮ ಮನೆಯ ಲವ್ ಬರ್ಡ್ ಬೆಳೆದದ್ದೇ ಪವರ್‌ಲೂಮ್ ಪಕ್ಕದಲ್ಲಿ. ಮಗ್ಗ ಗಡಗಡ ಅನ್ನುತ್ತಿದ್ದರೆ ಕೂಸಿನ ಹಾಗೆ ನಿದ್ದೆ ಮಾಡುತ್ತದೆ. ಕರೆಂಟು ಹೋಗಿ ಮಗ್ಗ ನಿಂತರೆ ಸಾಕು, ಗಾಬರಿಬಿದ್ದು ಕಿರುಚುತ್ತದೆ.

ಜೊತೆಯಿದ್ದರೆ ಸುಮ್ಮನಾದೀತು ಎಂದು ಕಲ್ಯಾಣದುರ್ಗದ ನನ್ನ ತವರಿನಿಂದ ಇನ್ನೊಂದನ್ನು ತಂದೆ. ಅದು ಮಗ್ಗದ ಸದ್ದನ್ನೇ ಕೇಳಿದ್ದಲ್ಲ. ಮೊದಲು ಪಂಜರಗಳನ್ನು ದೂರ ದೂರ ಇಟ್ಟೆ, ಆಮೇಲೆ ಪಕ್ಕಪಕ್ಕ. ಹಾಳಾದವು ಜಗಳವಾಡಲಿಲ್ಲ, ಪಾಳಿ ಹಂಚಿಕೊಂಡವು! ಮಗ್ಗ ಶುರುವಾದರೆ ಹೊಸದು ಕಿರುಚುತ್ತದೆ, ನಿಂತರೆ ಹಳೆಯದು.

"ನಂಗೆ ತಲೆ ಕೆಟ್ಟೋಯ್ತದೆ ಕಣ್ರೀ!" ಎಂದು ಗಂಡನ ಮೇಲೆ ರೇಗಿದೆ. ತಿರುಮಲೇಶ್ ಕಿವಿಗೆ ನೂಲಿನ ಉಂಡೆ ತುರುಕಿಕೊಂಡು ನಕ್ಕರು.

ನಿನ್ನೆಯಂತೂ ಕರೆಂಟು ಹೋಗಿ ಬಂದು ಆಟವಾಡಿಸಿತು. ಎರಡೂ ಹಕ್ಕಿಗಳು ಒಟ್ಟಿಗೇ ಶುರುಮಾಡಿದವು. ಅತ್ತೆ ಎರ್ರಮ್ಮ ಮಾತ್ರ ಪಂಜರದ ಮುಂದೆ ಆರಾಮಾಗಿ ಕೂತು ನವಣೆ ಹಾಕುತ್ತಿದ್ದರು. ಆಯುಸ್ಸೆಲ್ಲ ಮಗ್ಗದ ಮುಂದೆ ಕೂತು ಅವರ ಕಿವಿ ಎಂದೋ ಮಂದವಾಗಿದೆ.

ಹಕ್ಕಿಗಳ ತೆರೆದ ಕೊಕ್ಕನ್ನೇ ನೋಡುತ್ತ ಅತ್ತೆ ಲೊಚಗುಟ್ಟಿದರು.

"ಪಾಪಂ, ಬಾಯಿ ಬಿಡ್ತವೆ, ಸದ್ದೇ ಬರಾಕಿಲ್ಲ. ಎರಡೂ ಮೂಗವು ಕಣಮ್ಮ ಪ್ರಮೀಳಾ. ಈ ಸಲ ತವರಿಗೆ ಹೋದಾಗ ಕೂಗೋದು ಒಂದು ತಕೊಂಬಾ."